ಗುಳ್ಳೆಗಿಂತ ಗುಟ್ಟು ದೊಡ್ಡದಾದಾಗ

ಮುಖದ ಮೇಲೆ ಒಂದು ಮೊಡವೆ ಎದ್ದರೆ ಹಾಸ್ಟೆಲ್ಲಿನ ಇಡೀ ಫ್ಲೋರ್ ಸಲಹೆ ಕೊಡುತ್ತದೆ. ಒಬ್ಬ ಬೇವಿನ ಎಲೆ ಅರೆದು ಹಚ್ಚು ಅಂತಾನೆ, ಇನ್ನೊಬ್ಬ ಮಿರ್ಚಿ ಭಜಿ ತಿನ್ನೋದು ಬಿಡು ಅಂತಾನೆ, ಮೂರನೆಯವನು ತನ್ನ ಫೇಸ್‌ವಾಶನ್ನೇ ತಂದು ಕೈಗೆ ಕೊಡುತ್ತಾನೆ. ಅದೇ ಗುಳ್ಳೆ ಸೊಂಟದ ಕೆಳಗೆ ಎದ್ದರೆ? ರೂಮ್‌ಮೇಟ್‌ಗೂ ಹೇಳೋದಿಲ್ಲ, ಮನೆಗೂ ಹೇಳೋದಿಲ್ಲ. ಬಾತ್‌ರೂಮಿನ ಚಿಲಕ ಹಾಕಿ ಮೊಬೈಲ್ ಟಾರ್ಚ್‌ನಲ್ಲಿ ನೋಡೋದು, ರಾತ್ರಿ ಚಾದರದೊಳಗೆ ಗೂಗಲ್ ಮಾಡೋದು. ಅಲ್ಲಿ ಮೊದಲು ಕಣ್ಣಿಗೆ ಬೀಳೋದು ರೋಗ ಮಿತಿ ಮೀರಿದವರ ಫೋಟೋಗಳು. ಬೆಳಗಾಗುವಷ್ಟರಲ್ಲಿ "ನನಗ ಏನೋ ದೊಡ್ಡದೇ ಆಗ್ಯಾದ" ಅನ್ನೋ ತೀರ್ಮಾನ ಆಗಿಬಿಟ್ಟಿರುತ್ತದೆ.

ನಮ್ಮಲ್ಲಿ ಅಫಜಲಪುರ, ಜೇವರ್ಗಿ, ಆಳಂದ ಕಡೆಯ ಊರುಗಳಿಂದ ಬಂದವರು ಬಹಳ ಜನ. ಈ ವಿಷಯವನ್ನು ಹತ್ತನೇ ಕ್ಲಾಸಿನಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ, ಇಲ್ಲೂ ಯಾವ ಸಿಲಬಸ್ಸಿನಲ್ಲೂ ಇಲ್ಲ. ಹಾಗಾಗಿ ಈ ಲೇಖನ. ಇದು ಡಾಕ್ಟರ್ ಚೀಟಿ ಅಲ್ಲ. ಯಾವ ಗುಳ್ಳೆಯನ್ನು ಅದರ ಪಾಡಿಗೆ ಬಿಡಬಹುದು, ಯಾವುದನ್ನು ತೋರಿಸಲೇಬೇಕು, ಎಲ್ಲಿ ತೋರಿಸಬೇಕು ಅನ್ನೋದಷ್ಟೇ ಇಲ್ಲಿದೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಗುಳ್ಳೆಗಳಲ್ಲಿ ಹೆಚ್ಚಿನವು ರೋಗವೇ ಅಲ್ಲ. ರೋಗ ಆಗಿರುವವಕ್ಕೂ ಔಷಧಿ ಇದೆ. ಕೆಲಸ ಕೆಡಿಸೋದು ಮುಚ್ಚಿಟ್ಟುಕೊಂಡು ಕಳೆದ ದಿನಗಳು, ಮತ್ತು ಆ ದಿನಗಳಲ್ಲಿ ಹಚ್ಚಿದ ಮುಲಾಮು.

ಗುಳ್ಳೆ ಹಾಗೆ ಕಾಣುವ, ಆದರೆ ರೋಗವಲ್ಲದವು

ಜನನಾಂಗದ ಚರ್ಮ ಕೈಕಾಲಿನ ಚರ್ಮದ ಹಾಗಲ್ಲ. ಬಹಳ ತೆಳು. ಒಳಗಿನ ಎಣ್ಣೆ ಗ್ರಂಥಿ, ಕೂದಲಿನ ಬುಡ, ರಕ್ತನಾಳ ಎಲ್ಲವೂ ಮೇಲಿನಿಂದಲೇ ಕಾಣುತ್ತವೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಹಾರ್ಮೋನು ಏರಿದಾಗ ಈ ಗ್ರಂಥಿಗಳು ದೊಡ್ಡದಾಗುತ್ತವೆ. ಅವು ಇರೋದು ಸಹಜ. ನಾವು ಗಮನ ಕೊಟ್ಟು ನೋಡಿದ ದಿನ ಮಾತ್ರ "ಹೊಸದಾಗಿ ಬಂತು" ಅನ್ನಿಸುತ್ತದೆ.

ಒಂದನೆಯದು ಫೋರ್ಡೈಸ್ ಚುಕ್ಕೆಗಳು. ಸಾಸಿವೆಗಿಂತ ಸಣ್ಣ, ತಿಳಿ ಹಳದಿ ಅಥವಾ ಬಿಳಿ ಚುಕ್ಕೆ. ಚರ್ಮ ಎಳೆದಾಗ ಇನ್ನೂ ಸ್ಪಷ್ಟ ಕಾಣುತ್ತವೆ. ಶಿಶ್ನದ ಮೇಲೆ, ಯೋನಿಯ ತುಟಿಗಳ ಮೇಲೆ, ಎಷ್ಟೋ ಜನರಿಗೆ ಬಾಯಿಯ ತುಟಿಯ ಅಂಚಿನಲ್ಲೂ ಇರುತ್ತವೆ. ಇವು ಬರೀ ಎಣ್ಣೆ ಗ್ರಂಥಿಗಳು. 1896ರಲ್ಲಿ ಇವನ್ನು ವಿವರಿಸಿದ ಅಮೆರಿಕದ ಚರ್ಮವೈದ್ಯ ಜಾನ್ ಅಡಿಸನ್ ಫೋರ್ಡೈಸ್ ಹೆಸರೇ ಇವಕ್ಕೆ ಉಳಿದಿದೆ. ನೋವಿಲ್ಲ, ತುರಿಕೆ ಇಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೋದೂ ಇಲ್ಲ.

ಎರಡನೆಯದು ಹುಡುಗರಲ್ಲಿ ಕಾಣುವ ಮುತ್ತಿನ ಸಾಲು. ಶಿಶ್ನದ ತುದಿಯ ಅಂಚಿನ ಸುತ್ತ ಒಂದೇ ಅಳತೆಯ, ಒತ್ತೊತ್ತಾಗಿ ಒಂದೆರಡು ಸಾಲು ಕಟ್ಟಿದ ಸಣ್ಣ ಮೊನೆಗಳು. ಬೇರೆ ಬೇರೆ ಸಮೀಕ್ಷೆಗಳ ಪ್ರಕಾರ ನೂರು ಗಂಡಸರಲ್ಲಿ ಸುಮಾರು 14ರಿಂದ 48 ಜನರಿಗೆ ಇವು ಇರುತ್ತವೆ. ಅಂದರೆ ಒಂದು ಕ್ಲಾಸಿನಲ್ಲಿ 60 ಹುಡುಗರಿದ್ದರೆ ಹತ್ತಾರು ಮಂದಿಗಾದರೂ ಇದ್ದಿರಬಹುದು, ಮತ್ತು ಪ್ರತಿಯೊಬ್ಬನೂ ತನಗೊಬ್ಬನಿಗೇ ಇದೆ ಅಂದುಕೊಂಡಿರಬಹುದು! ಸ್ವಚ್ಛತೆ ಇಲ್ಲದ್ದಕ್ಕೆ ಬಂದದ್ದಲ್ಲ, ಹಸ್ತಮೈಥುನದಿಂದ ಬಂದದ್ದೂ ಅಲ್ಲ. ವಯಸ್ಸಾದಂತೆ ತಾವಾಗಿಯೇ ಕಡಿಮೆಯಾಗುತ್ತವೆ.

ಹುಡುಗಿಯರಲ್ಲೂ ಇದರ ಜೋಡಿ ಇದೆ. ಯೋನಿದ್ವಾರದ ಒಳ ಅಂಚಿನಲ್ಲಿ ಎರಡೂ ಕಡೆ ಒಂದೇ ರೀತಿ ಇರುವ ಮೆತ್ತನೆಯ, ಗುಲಾಬಿ ಬಣ್ಣದ ಸಣ್ಣ ಮೊನೆಗಳು. ಅವಸರದಲ್ಲಿ ನೋಡಿದವರು ಇದನ್ನು ನರೂಲಿ ಅಂದುಕೊಳ್ಳುವುದುಂಟು. ವ್ಯತ್ಯಾಸ ಇಷ್ಟೇ: ಸಹಜವಾದವು ಒಂದೊಂದೂ ತನ್ನದೇ ಬುಡದಿಂದ ಬಿಡಿಬಿಡಿಯಾಗಿ ಎದ್ದಿರುತ್ತವೆ. ನರೂಲಿಯಲ್ಲಿ ಹಲವು ಮೊನೆಗಳು ಒಂದೇ ಬುಡಕ್ಕೆ ಕೂಡಿ ಹೂಕೋಸಿನ ಹಾಗೆ ಇರುತ್ತವೆ.

ಇನ್ನು ವೃಷಣದ ಚೀಲದ ಮೇಲಿನ ಸಣ್ಣ ಗಂಟುಗಳು. ಬಹಳಷ್ಟು ಕೂದಲಿನ ಬುಡಗಳೇ. ಕೆಲವರಿಗೆ ಕಡಲೆಕಾಳಿನಷ್ಟು ಗಟ್ಟಿಯಾದ, ಬಿಳಿ ಛಾಯೆಯ ಗಂಟು ಇರುತ್ತದೆ. ಅದು ಚರ್ಮದೊಳಗೆ ಕೂಡಿಕೊಂಡ ಚೀಲ, ವರ್ಷಗಟ್ಟಲೆ ಹಾಗೇ ಇರಬಹುದು. ಹಿಸುಕಿದರೆ ಮಾತ್ರ ಕೀವು ತುಂಬುತ್ತದೆ.

ಹಾಸ್ಟೆಲ್, ಬೆವರು, ಬ್ಲೇಡು

ಎರಡನೇ ಗುಂಪು ರೋಗವೇ, ಆದರೆ ಲೈಂಗಿಕ ಸಂಪರ್ಕಕ್ಕೂ ಅದಕ್ಕೂ ಸಂಬಂಧ ಇರಬೇಕಾಗಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಸೀಮೆಯಲ್ಲಿ ಬಿಗಿ ಜೀನ್ಸ್ ಹಾಕಿಕೊಂಡು ಬೆಳಗ್ಗೆಯಿಂದ ಲ್ಯಾಬ್ ಮುಗಿಯುವವರೆಗೆ ಕೂತರೆ ತೊಡೆಸಂದಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬ್ಲೇಡು ಹಾಕಿದ ಎರಡು ಮೂರು ದಿನಕ್ಕೆ ಕೆಂಪಗೆ, ನಡುವೆ ಕೂದಲು ಅಥವಾ ಕೀವಿನ ಚುಕ್ಕೆ ಇರುವ ಗುಳ್ಳೆ ಎದ್ದರೆ ಅದು ಕೂದಲಿನ ಬುಡದ ಸೋಂಕು. ಕತ್ತರಿಸಿದ ಕೂದಲು ವಾಪಸ್ ಚರ್ಮದೊಳಗೇ ಬಾಗಿ ಬೆಳೆದಾಗಲೂ ಹೀಗೇ ಆಗುತ್ತದೆ. ಕೆಲವು ದಿನ ಬ್ಲೇಡು ಬಿಟ್ಟು, ಸಡಿಲ ಹತ್ತಿ ಬಟ್ಟೆ ಹಾಕಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ಕಾವು ಕೊಟ್ಟರೆ ಹೆಚ್ಚಿನವು ಇಳಿಯುತ್ತವೆ. ಇಳಿಯದೆ ಕುರು ಆಗಿ ಜ್ವರ ಬಂದರೆ ಡಾಕ್ಟರ್ ಬಳಿ ಹೋಗಬೇಕು. ಕೂದಲು ತೆಗೆಯಲೇಬೇಕು ಅನ್ನೋ ನಿಯಮ ಏನೂ ಇಲ್ಲ. ಬೇಕಿದ್ದರೆ ಟ್ರಿಮ್ಮರ್ ಸಾಕು. ಇನ್ನೊಬ್ಬರ ರೇಜರ್ ಮಾತ್ರ ಮುಟ್ಟಬೇಡಿ.

ತೊಡೆಸಂದಿಯಲ್ಲಿ ಉಂಗುರದ ಹಾಗೆ ಅಂಚು ಎದ್ದು, ಹರಡುತ್ತಾ ಹೋಗುವ ಕೆಂಪು ಕಲೆ ಗಜಕರ್ಣ, ಅಂದರೆ ಹುಳುಕಡ್ಡಿ. ಹೆಸರಲ್ಲಿ ಹುಳ ಇದ್ದರೂ ಇದು ಶಿಲೀಂಧ್ರ. ಇಲ್ಲಿ ನಾವು ಮಾಡಿಕೊಳ್ಳುವ ಅನಾಹುತ ಒಂದಿದೆ. ಮೆಡಿಕಲ್ ಸ್ಟೋರಿಗೆ ಹೋಗಿ "ತುರಿಕಿಗಿ ಏನರ ಕೊಡ್ರಿ" ಅಂದರೆ ಎಷ್ಟೋ ಕಡೆ ಕೈಗೆ ಬರೋದು ಸ್ಟೀರಾಯ್ಡ್ ಬೆರೆಸಿದ ಟ್ಯೂಬು. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಗುಣ ಆಯ್ತು ಅಂದುಕೊಳ್ಳುತ್ತೇವೆ. ನಿಜವಾಗಿ ಸ್ಟೀರಾಯ್ಡ್ ನಿಲ್ಲಿಸಿದ್ದು ದೇಹದ ಪ್ರತಿರೋಧವನ್ನು, ಶಿಲೀಂಧ್ರವನ್ನಲ್ಲ. ಫೈರ್ ಅಲಾರಂ ವೈರ್ ಕಿತ್ತು ಬೆಂಕಿ ಆರಿತು ಅಂದ ಹಾಗೆ. ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಹರಡುತ್ತದೆ, ಚರ್ಮ ತೆಳುವಾಗಿ ಬಿರುಕು ಗೆರೆ ಬೀಳುತ್ತವೆ. ಇದಕ್ಕಾಗಿಯೇ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಕ್ಲೊಮೆಥಾಸೋನ್ ಅಂಥ ಹೆಸರು ಕಂಡರೆ ಅಲ್ಲಿಗೇ ನಿಲ್ಲಿ.

ಮೂರನೆಯದು ಹುರುಕು, ಅಂದರೆ ಕಜ್ಜಿ. ರಾತ್ರಿ ಮಲಗಿದ ಮೇಲೆ ತುರಿಕೆ ಏರೋದು ಇದರ ಗುರುತು. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಮತ್ತು ಹುಡುಗರಲ್ಲಿ ಶಿಶ್ನ, ವೃಷಣ ಚೀಲದ ಮೇಲೆ ತುರಿಸುವ ಗಂಟುಗಳು. ಇದಕ್ಕೆ ಕಾರಣ ಚರ್ಮದೊಳಗೆ ಬಿಲ ಕೊರೆಯುವ ಅರ್ಧ ಮಿಲಿಮೀಟರಿಗಿಂತ ಸಣ್ಣ ಜೀವಿ. ಮೊದಲ ಸಲ ಹತ್ತಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು, ಆದರೆ ಅಷ್ಟರೊಳಗೇ ಅದು ಪಕ್ಕದ ಹಾಸಿಗೆಗೆ ಹೋಗಿರುತ್ತದೆ. ಹಾಗಾಗಿ ಒಬ್ಬನೇ ಗುಟ್ಟಾಗಿ ಔಷಧಿ ಹಚ್ಚಿಕೊಂಡರೆ ಪ್ರಯೋಜನವಿಲ್ಲ. ಡಾಕ್ಟರ್ ಸಾಮಾನ್ಯವಾಗಿ ಕೊಡುವ 5% ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲವರೆಗೆ ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯಬೇಕು, ಒಂದು ವಾರ ಬಿಟ್ಟು ಮತ್ತೆ ಹಚ್ಚಬೇಕು, ರೂಮಿನಲ್ಲಿ ಇರುವ ಎಲ್ಲರೂ ಒಂದೇ ದಿನ ಹಚ್ಚಬೇಕು. ಚಾದರ, ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಆಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು, ಗಂಟುಗಳು ಇನ್ನೂ ಹೆಚ್ಚು ದಿನ ಉಳಿಯಬಹುದು. ಔಷಧಿ ಸೋತಿತು ಅಂತ ಅರ್ಥ ಅಲ್ಲ. ರೂಮ್‌ಮೇಟ್‌ಗೆ ಹೇಳಲು ನಾಚಿಕೆ ಪಟ್ಟಷ್ಟು ದಿನ ಇಡೀ ರೂಮು ತುರಿಸಿಕೊಳ್ಳುತ್ತದೆ.

ಸಂಪರ್ಕದಿಂದ ಬರುವವು

ಈಗ ಎಲ್ಲರೂ ಹೆದರುವ ಗುಂಪು. ಸಂಭೋಗ, ಬಾಯಿಯ ಸಂಪರ್ಕ, ಅಥವಾ ಜನನಾಂಗದ ಚರ್ಮಕ್ಕೆ ಚರ್ಮ ತಾಗಿದ ಸಂಪರ್ಕ ಯಾವುದೂ ಆಗಿಲ್ಲವಾದರೆ ಇವುಗಳ ಸಾಧ್ಯತೆ ತೀರಾ ಕಡಿಮೆ. ಬಸ್ಸಿನ ಸೀಟು, ಕಾಲೇಜಿನ ಟಾಯ್ಲೆಟ್ ಇವುಗಳಿಂದ ಸಿಫಿಲಿಸ್ ಬರೋದಿಲ್ಲ.

ಜನನಾಂಗದ ನರೂಲಿ ಎಚ್‌ಪಿವಿ ಅನ್ನೋ ವೈರಸ್‌ನಿಂದ ಬರುತ್ತದೆ. ನೋವಿಲ್ಲದ, ಹೂಕೋಸಿನಂಥ ಅಥವಾ ಚಪ್ಪಟೆ ಗಂಟು. ಸಂಪರ್ಕ ಆದ ವಾರಗಳ ಮೇಲೋ ತಿಂಗಳುಗಳ ಮೇಲೋ ಕಾಣಿಸಬಹುದು. ಇದನ್ನು ಕಂಡ ಕೂಡಲೇ ಕ್ಯಾನ್ಸರ್ ಅಂತ ಹೆದರುವವರಿದ್ದಾರೆ. ಹತ್ತರಲ್ಲಿ ಒಂಬತ್ತು ನರೂಲಿಗಳಿಗೆ ಕಾರಣ ಈ ವೈರಸ್‌ನ 6 ಮತ್ತು 11ನೇ ತಳಿ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೇ ತಳಿ. ಈ ನಂಟು ಕಂಡುಹಿಡಿದದ್ದಕ್ಕೆ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಈ ನಾಲ್ಕೂ ತಳಿಗಳಿಗೆ ಲಸಿಕೆ ಇದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದ್ದು 9ರಿಂದ 26 ವರ್ಷದ ಹುಡುಗಿಯರು ಮತ್ತು ಹುಡುಗರು ಇಬ್ಬರಿಗೂ. ಅಂದರೆ ಇದನ್ನು ಓದುತ್ತಿರುವ ಬಹುತೇಕರಿಗೆ ಇನ್ನೂ ಅವಕಾಶ ಇದೆ. ಊರಲ್ಲಿ ನರೂಲಿಗೆ ಕುದುರೆ ಕೂದಲು ಕಟ್ಟೋದು, ಸುಣ್ಣ ಹಚ್ಚಿ ಸುಡೋದು ನೋಡಿರುತ್ತೀರಿ. ಇಲ್ಲಿ ಅದನ್ನು ಮಾಡಿದರೆ ಉಳಿಯೋದು ಗಾಯ ಮಾತ್ರ. ಡಾಕ್ಟರ್ ಮುಲಾಮಿನಿಂದಲೋ, ತಂಪಿನಿಂದ ಹೆಪ್ಪುಗಟ್ಟಿಸಿಯೋ, ಸುಟ್ಟೋ ತೆಗೆಯುತ್ತಾರೆ.

ನಡುವೆ ಸಣ್ಣ ಕುಳಿ ಇರುವ, ಮುತ್ತಿನಂತೆ ಹೊಳೆಯುವ ದುಂಡು ಗುಳ್ಳೆ ಮೊಲಸ್ಕಮ್. ಚರ್ಮಕ್ಕೆ ಚರ್ಮ ತಾಗಿದರೆ ಸಾಕು, ಹಂಚಿಕೊಂಡ ಟವೆಲ್‌ನಿಂದಲೂ ಬರಬಹುದು. ಹೆಚ್ಚಾಗಿ ಒಂದು ವರ್ಷದೊಳಗೆ ತಾನೇ ಹೋಗುತ್ತದೆ.

ಗುಂಪಾಗಿ ಎದ್ದ ನೀರಿನ ಗುಳ್ಳೆ, ಅವು ಒಡೆದು ಉರಿಯುವ ಹುಣ್ಣು ಆದರೆ ಅದು ಹರ್ಪಿಸ್ ಇರಬಹುದು. ವೈರಸ್ ದೇಹದಲ್ಲೇ ಉಳಿಯುತ್ತದೆ, ಆಗಾಗ ಮರುಕಳಿಸುತ್ತದೆ. ಬೇಗ ಮಾತ್ರೆ ಶುರುಮಾಡಿದರೆ ಬೇಗ ಇಳಿಯುತ್ತದೆ.

ಎಲ್ಲಕ್ಕಿಂತ ಮೋಸಗಾರ ಸಿಫಿಲಿಸ್. ಸಂಪರ್ಕವಾದ ಸುಮಾರು ಮೂರು ವಾರಕ್ಕೆ (10ರಿಂದ 90 ದಿನದೊಳಗೆ ಯಾವಾಗಲಾದರೂ) ಒಂದು ಗಟ್ಟಿ ಅಂಚಿನ ಹುಣ್ಣು. ನೋವೇ ಇರೋದಿಲ್ಲ. ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ಮಾಯವಾಗುತ್ತದೆ. "ಹೋಯ್ತು ಬಿಡು" ಅಂತ ನಿಟ್ಟುಸಿರು ಬಿಟ್ಟರೆ ಅದು ಒಳಗೇ ಮುಂದುವರಿದು ಎಷ್ಟೋ ವರ್ಷಗಳ ಮೇಲೆ ಹೃದಯ, ಮಿದುಳಿಗೆ ಹೋಗಬಹುದು. ಆರಂಭದಲ್ಲೇ ಸಿಕ್ಕರೆ ಬೆಂಜಥಿನ್ ಪೆನಿಸಿಲಿನ್‌ನ ಒಂದೇ ಡೋಸ್ ಇಂಜೆಕ್ಷನ್ ಸಾಕಾಗುತ್ತದೆ. ಹಾಗಾಗಿ ನೋವಿಲ್ಲದ ಹುಣ್ಣು ಕಂಡರೆ ನೋವಿರುವ ಹುಣ್ಣಿಗಿಂತ ಬೇಗ ಹೋಗಿ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಫೋಟೋ ಹೋಲಿಸುವ ಬದಲು ಇವನ್ನು ಕೇಳಿಕೊಳ್ಳಿ. ಇದು ಹೊಸದೋ, ವರ್ಷಗಳಿಂದ ಹೀಗೇ ಇದೆಯೋ? ಆಕಾರ, ಸಂಖ್ಯೆ ಬದಲಾಗುತ್ತಿದೆಯೋ? ನೋವು, ತುರಿಕೆ, ಉರಿ ಇದೆಯೋ? ಚರ್ಮ ಒಡೆದು ಹುಣ್ಣಾಗಿದೆಯೋ? ಇತ್ತೀಚಿನ ತಿಂಗಳುಗಳಲ್ಲಿ ಲೈಂಗಿಕ ಸಂಪರ್ಕ ಆಗಿದೆಯೋ?

ಮೊದಲಿನಿಂದ ಇದ್ದದ್ದು, ಬದಲಾಗದ್ದು, ನೋವು ತುರಿಕೆ ಇಲ್ಲದ್ದು ಬಹುತೇಕ ಸಹಜ. ಮುಂದಿನ ಸಲ ಬೇರೆ ಯಾವುದಕ್ಕಾದರೂ ಡಾಕ್ಟರ್ ಬಳಿ ಹೋದಾಗ ತೋರಿಸಿ ಖಾತ್ರಿ ಮಾಡಿಕೊಂಡರೆ ಸಾಕು. ಹುಣ್ಣು, ನೀರಿನ ಗುಳ್ಳೆ, ಕೀವು ಅಥವಾ ಸ್ರಾವ, ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ರಕ್ತ ಬರೋದು, ಎರಡು ಮೂರು ವಾರವಾದರೂ ಇಳಿಯದ ಹೊಸ ಗುಳ್ಳೆ, ಇವುಗಳಲ್ಲಿ ಯಾವುದಾದರೂ ಇದ್ದರೆ ತೋರಿಸಲೇಬೇಕು.

ಹುಡುಗರಿಗೆ ಎರಡು ಮಾತು ಬೇರೆಯಾಗಿ. ಗಂಟು ಚರ್ಮದಲ್ಲಿ ಅಲ್ಲದೆ ವೃಷಣದ ಒಳಗೇ ಗಟ್ಟಿಯಾಗಿ ಸಿಕ್ಕರೆ, ನೋವಿಲ್ಲದಿದ್ದರೂ, ಆ ವಾರವೇ ತೋರಿಸಿ. ವೃಷಣದ ಕ್ಯಾನ್ಸರ್ ಹೆಚ್ಚಾಗಿ ಬರುವುದು ನಮ್ಮದೇ ವಯಸ್ಸಿನಲ್ಲಿ, ಮತ್ತು ಬೇಗ ಸಿಕ್ಕರೆ ಗುಣವಾಗುವಂಥದ್ದು. ಒಮ್ಮೆಲೇ ಒಂದು ವೃಷಣದಲ್ಲಿ ಸಹಿಸಲಾರದ ನೋವು ಬಂದರೆ ಬೆಳಗಿನವರೆಗೆ ಕಾಯಬೇಡಿ. ಅದು ತಿರುಚಿಕೊಂಡು ರಕ್ತ ನಿಂತಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಮಾತ್ರ ಉಳಿಯುವ ಸಾಧ್ಯತೆ ಹೆಚ್ಚು.

ಸೊನ್ನದಿಂದ ಕಲಬುರಗಿಗೆ

ಅಫಜಲಪುರ ತಾಲೂಕಿನ ಸೊನ್ನ ಅಂದರೆ ಎಲ್ಲರಿಗೂ ನೆನಪಾಗೋದು ಭೀಮಾ ನದಿಯ ಬ್ಯಾರೇಜು. ಮಳೆಗಾಲದಲ್ಲಿ ಅಲ್ಲಿಂದ ಎಷ್ಟು ಕ್ಯುಸೆಕ್ ನೀರು ಬಿಟ್ಟರು ಅನ್ನೋದು ಪೇಪರಿನಲ್ಲಿ ಬರುತ್ತದೆ, ದಂಡೆಯ ಊರಿನವರೆಲ್ಲ ಓದುತ್ತಾರೆ. ಅಂಥ ಊರಿನಲ್ಲಿ ಗುಟ್ಟು ಉಳಿಯೋದು ಕಷ್ಟ. ಮೆಡಿಕಲ್ ಅಂಗಡಿಯವರು ಅಪ್ಪನ ಪರಿಚಯ, ಆಸ್ಪತ್ರೆಯ ಸಾಲಿನಲ್ಲಿ ಓಣಿಯ ಕಾಕಾ. "ಏನ್ ಆಗ್ಯಾದೋ ತಮ್ಮಾ?" ಅಂತ ಕೇಳೋದು ಅವರ ಪ್ರೀತಿಯೇ, ಆದರೆ ಉತ್ತರ ಕೊಡೋದು ಹೇಗೆ? ಹುಡುಗಿಯರಿಗಂತೂ ಇನ್ನೂ ಕಷ್ಟ. ಮದುವೆ ಆಗದವಳು ಹೆರಿಗೆ ಡಾಕ್ಟರ್ ಬಳಿ ಯಾಕೆ ಹೋದಳು ಅಂತ ಊರು ಲೆಕ್ಕ ಹಾಕುತ್ತದೆ.

ಈ ಇಕ್ಕಟ್ಟಿನ ಜಾಗದಲ್ಲೇ ಬಸ್‌ಸ್ಟ್ಯಾಂಡ್ ಗೋಡೆಯ "ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ" ಬೋರ್ಡುಗಳು ಗಿರಾಕಿ ಹಿಡಿಯೋದು. ಲೈಂಗಿಕ ರೋಗಗಳನ್ನು ಗುಣ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕೋದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಕಾನೂನು ಮುರಿದು ಬರೆದ ಗೋಡೆಯನ್ನು ನಂಬಿ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ.

ಇದಕ್ಕಿಂತ ಸುಲಭ ದಾರಿ ಇದೆ. ಕಾಲೇಜಿಗೆ ಬಂದವರಿಗೆ ಊರಿನ ಸಾಲು ತಪ್ಪಿದೆ. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯಂಥ ದೊಡ್ಡ ಜಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿ "ಚರ್ಮದ ಡಾಕ್ಟರ್" ಅನ್ನಿ, ಅಷ್ಟೇ. ನಮ್ಮ ದೇಶದಲ್ಲಿ ಚರ್ಮರೋಗ ಮತ್ತು ಲೈಂಗಿಕ ರೋಗ ಎರಡಕ್ಕೂ ಓದಿದವರು ಒಬ್ಬರೇ ತಜ್ಞರು. ಆ ಸಾಲಿನಲ್ಲಿ ಮೊಡವೆಯವರು, ಕೂದಲು ಉದುರುವವರು, ನೀವು ಎಲ್ಲ ಒಟ್ಟಿಗೇ ನಿಂತಿರುತ್ತೀರಿ. ಯಾರು ಯಾತಕ್ಕೆ ಬಂದರು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗಾಗಿಯೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ಆಪ್ತಸಮಾಲೋಚಕರೂ ಇರುತ್ತಾರೆ. ಔಷಧಿ ಪುಕ್ಕಟೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ, ಇದಕ್ಕೆ ಮಾಡಿರುವ ವ್ಯವಸ್ಥೆ ಇಂಜಿನಿಯರಿಂಗ್‌ನವರಿಗೆ ಇಷ್ಟವಾಗುವಂಥದ್ದು: ಲಕ್ಷಣಗಳ ಫ್ಲೋಚಾರ್ಟ್, ಅದರ ಕೊನೆಗೆ ಬಣ್ಣದ ಏಳು ಕಿಟ್. ಸ್ರಾವಕ್ಕೆ ಬೂದು, ಹರ್ಪಿಸ್ ಅಲ್ಲದ ಹುಣ್ಣಿಗೆ ಬಿಳಿ, ಹರ್ಪಿಸ್‌ಗೆ ಕೆಂಪು, ಹೀಗೆ. ಲ್ಯಾಬ್ ರಿಪೋರ್ಟಿಗೆ ಕಾಯುತ್ತಾ ರೋಗಿ ವಾಪಸ್ ಬರದೇ ಹೋಗಬಾರದು, ಮೊದಲ ಭೇಟಿಯಲ್ಲೇ ಔಷಧಿ ಕೈಗೆ ಸಿಗಬೇಕು ಅನ್ನೋದು ಇದರ ಹಿಂದಿನ ಲೆಕ್ಕ. ಹತ್ತೊಂಬತ್ತು ವರ್ಷದವರೆಗಿನವರಿಗೆ ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳೂ ಇವೆ. ಹೋಗುವ ಮೊದಲು ಯಾರನ್ನಾದರೂ ಕೇಳಬೇಕು ಅನ್ನಿಸಿದರೆ 1097ಕ್ಕೆ ಫೋನ್ ಮಾಡಿ. ಇದು ಉಚಿತ ಸರ್ಕಾರಿ ಸಹಾಯವಾಣಿ.

ಒಳಗೆ ಹೋದ ಮೇಲೆ ಏನು ಹೇಳೋದು? ಒಂದೇ ವಾಕ್ಯ ಸಾಕು: "ಡಾಕ್ಟ್ರೇ, ಖಾಸಗಿ ಜಾಗದಾಗ ಗುಳ್ಳಿ ಆಗ್ಯಾವ, ಹದಿನೈದು ದಿನ ಆಯ್ತು." ಉಳಿದದ್ದನ್ನು ಅವರೇ ಕೇಳುತ್ತಾರೆ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಹಚ್ಚಿದ ಟ್ಯೂಬನ್ನು ಜೊತೆಗೆ ಒಯ್ಯಿರಿ. ಸಂಪರ್ಕ ಆಗಿದೆಯಾ ಅಂತ ಕೇಳಿದರೆ ನಿಜ ಹೇಳಿ. ಅದು ನಿಮ್ಮ ನಡತೆಯ ವಿಚಾರಣೆ ಅಲ್ಲ, ಫ್ಲೋಚಾರ್ಟಿನ ಒಂದು ಪ್ರಶ್ನೆ. ಹುಡುಗಿಯರು ಮಹಿಳಾ ಡಾಕ್ಟರ್ ಬೇಕು ಅಂತಲೋ, ಪರೀಕ್ಷೆ ವೇಳೆ ನರ್ಸ್ ಜೊತೆಗಿರಲಿ ಅಂತಲೋ ಕೇಳಬಹುದು. ರೋಗಿಯ ಗುಟ್ಟು ಕಾಯೋದು ವೈದ್ಯರ ವೃತ್ತಿ ನಿಯಮ. ಎಚ್‌ಐವಿ ಪರೀಕ್ಷೆಗಂತೂ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ ಅಂತ 2017ರ ಕಾಯ್ದೆಯೇ ಇದೆ. ಒಪ್ಪಿಗೆ ಇಲ್ಲದೆ ಯಾರಾದರೂ ಮುಟ್ಟಿದ್ದರಿಂದ ಈ ಭಯ ಶುರುವಾಗಿದ್ದರೆ, ತಪ್ಪು ನಿಮ್ಮದಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಕೊನೆಗೆ, ಭಯದ ಬಗ್ಗೆ

ಡಾಕ್ಟರ್ "ಏನೂ ಇಲ್ಲ" ಅಂದ ಮೇಲೂ ಕೆಲವರಿಗೆ ಸಮಾಧಾನ ಆಗೋದಿಲ್ಲ. ದಿನಕ್ಕೆ ಹತ್ತು ಸಲ ನೋಡಿಕೊಳ್ಳೋದು, ಮುಟ್ಟಿ ಮುಟ್ಟಿ ಆ ಜಾಗವೇ ಕೆಂಪಾಗೋದು, ಆ ಕೆಂಪು ಕಂಡು ಮತ್ತೆ ಹೆದರೋದು. ಓದಿಗೂ ನಿದ್ದೆಗೂ ಇದು ಅಡ್ಡ ಬರುತ್ತಿದ್ದರೆ ಗುಳ್ಳೆಯನ್ನು ಬಿಟ್ಟು ಭಯಕ್ಕೇ ಚಿಕಿತ್ಸೆ ಬೇಕು. ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ರೂಮ್‌ಮೇಟ್ ಒಂದು ದಿನ ತಲೆ ತಗ್ಗಿಸಿ "ಒಂದ್ ಮಾತು ಕೇಳ್ಬೇಕಿತ್ತು" ಅಂದರೆ ನಗಬೇಡಿ. "ಯಾರ ಜೋಡಿ?" ಅಂತ ಕೇಳಬೇಡಿ. "ನಡಿ, ನಾನೂ ಬರ್ತೀನಿ, ಚೀಟಿ ಮಾಡಿಸೋಣ" ಅನ್ನಿ.